ಅನ್ನ ಬಟ್ಟೆಯ ಹಕ್ಕು

ಹುಮನಾಬಾದಿನ ನಮ್ಮ ಓಣಿಯಲ್ಲಿ ಒಬ್ಬಾಕೆ ಇದ್ದಳು. ತಾಳಿ ಕಟ್ಟಿಸಿಕೊಂಡವಳಲ್ಲ, ಆದರೂ ಇಪ್ಪತ್ತು ವರ್ಷ ಒಬ್ಬನೊಂದಿಗೆ ಬಾಳಿದ್ದಳು. ಆತನ ಮದುವೆಯ ಹೆಂಡತಿ ತವರು ಸೇರಿ ಎಷ್ಟೋ ಕಾಲವಾಗಿತ್ತು. ಆತ ಸತ್ತು ದಿನಕರ್ಮ ಮುಗಿಯುತ್ತಲೇ ತಮ್ಮಂದಿರು ಮನೆಗೆ ಬೀಗ ಜಡಿದರು. ಹೊರಗೆ ಉಳಿದದ್ದು ಅವಳೂ ಒಂದು ಟ್ರಂಕೂ. "ಕಾಯ್ದೆದಾಗ ನಂದೇನೂ ಇಲ್ಲೇನಕ್ಕಾ?" ಎಂದು ನನ್ನವ್ವನನ್ನು ಕೇಳಿದಳು. ಅವ್ವ ಸುಮ್ಮನೆ ಚಹಾ ಕೊಟ್ಟಳು.

ಆ ಪ್ರಶ್ನೆಯನ್ನು ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ನೆರೆಯ ಬಸವಕಲ್ಯಾಣದಲ್ಲಿ ಒಬ್ಬರು ಯೋಚಿಸಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರ ಅಲ್ಲಿ ಬರೆದ 'ಮಿತಾಕ್ಷರಾ' ಮುಂದೆ ಭಾರತದ ಬಹುಭಾಗದ ಹಿಂದೂ ಮನೆತನಗಳ ಆಸ್ತಿಯನ್ನು ಹಂಚಿತು. ಗಂಡುಮಕ್ಕಳಿಲ್ಲದೆ, ಪಾಲಾಗಿ ಬೇರೆಯಿದ್ದು ಸತ್ತವನ ಆಸ್ತಿ ಹೆಂಡತಿಗೇ ಸೇರಬೇಕೆಂದು ಅವನು ವಾದಿಸಿದ. ಆದರೆ ಹಳೆಯ ಕಾತ್ಯಾಯನನ ಮಾತೊಂದು ಅಡ್ಡಬಂತು: ವಾರಸುದಾರರಿಲ್ಲದ ಆಸ್ತಿಯನ್ನು ಅರಸ ಒಯ್ಯುವಾಗ ಹೆಂಗಸರ ಪೋಷಣೆಗೆ ತೆಗೆದಿಡಬೇಕು. ಹಾಗಾದರೆ ಹೆಂಡತಿಗೆ ಬರೀ ಅನ್ನ ಬಟ್ಟೆಯೇ? ಅಲ್ಲ, ಅಲ್ಲಿರುವ ಪದ 'ಪತ್ನಿ'ಯಲ್ಲ, 'ಯೋಷಿತ್'. ಆ ಮಾತು ಮದುವೆಯಿಲ್ಲದೆ ಜೊತೆಗಿದ್ದವಳಿಗೆ, ಅಂದರೆ 'ಅವರುದ್ಧ ಸ್ತ್ರೀ'ಗೆ ಸೇರಿದ್ದು ಎಂದ. ಹೆಂಡತಿಯ ಪಾಲನ್ನು ಉಳಿಸಲು ಹೊರಟವನು ಹೀಗೆ ಇನ್ನೊಬ್ಬಳ ತುತ್ತನ್ನೂ ಉಳಿಸಿದ.

ಇದರ ಮೇಲೆಯೇ 1926ರಲ್ಲಿ, ಮುಂಬಯಿಯಿಂದ ಹೋದ ದಾವೆಯಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಒಂದೇ ಸೂರಿನಡಿ ಇರಬೇಕೆಂದಿಲ್ಲ; ಸಂಬಂಧ ಗುಟ್ಟಾಗಿರದೆ ಆತ ಸಾಯುವ ತನಕ ನಡೆದಿದ್ದರೆ ಅವನ ಆಸ್ತಿಯಿಂದ ಅವಳಿಗೆ ಜೀವನಾಂಶ ಸಲ್ಲಬೇಕು. ಅವಳು ಅವನೊಬ್ಬನಿಗೇ ನಿಷ್ಠಳಾಗಿರಬೇಕಿತ್ತು. (ಅವನಿಗೆ ಆ ಕಟ್ಟು ಇರಲಿಲ್ಲ, ಬಿಡಿ.)

ನಮ್ಮ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಕನ್ನಡನಾಡಿಗೆ ಸೇರಿದ 1956ರಲ್ಲಿಯೇ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂತು. ಸತ್ತವನ ಆಸ್ತಿಯಿಂದ ಯಾರನ್ನು ಪೋಷಿಸಬೇಕೆಂಬ ಪಟ್ಟಿಯಲ್ಲಿ ಅಂಥ ಸಂಬಂಧದ ಅಪ್ರಾಪ್ತ ಮಗನಿದ್ದಾನೆ, ಮದುವೆಯಾಗದ ಮಗಳಿದ್ದಾಳೆ. ಅವರ ತಾಯಿ ಇಲ್ಲ.

ಬಹುಕಾಲ ಗಂಡ ಹೆಂಡಿರಂತೆ ಬಾಳಿದವರನ್ನು ನ್ಯಾಯಾಲಯ ಮದುವೆಯಾದವರೆಂದೇ ಭಾವಿಸುವುದುಂಟು. ಮೊದಲ ಹೆಂಡತಿ ಜೀವಂತವಿದ್ದರೆ ಅದು ನಡೆಯದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಯಂಥ ಸಂಬಂಧದ ಹೆಣ್ಣಿಗೂ ರಕ್ಷಣೆ ಕೊಟ್ಟಿತು, ವಾರಸುದಾರಳೆನ್ನಲಿಲ್ಲ. ಇನ್ನು ಉಳಿದದ್ದು ಮೃತ್ಯುಪತ್ರ. ಬಿಳಿ ಹಾಳೆ, ಬರೆದವನ ರುಜು, ಇಬ್ಬರು ಸಾಕ್ಷಿಗಳು ಸಾಕು. ಛಾಪಾ ಕಾಗದವೂ ಬೇಡ. ನಮ್ಮ ಓಣಿಯ ಆತ ಅಷ್ಟನ್ನೂ ಮಾಡಿರಲಿಲ್ಲ.

ಆಕೆ ಬಸವಕಲ್ಯಾಣಕ್ಕೇ ಹೋಗಿ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳೆಂದು ಅವ್ವ ಆಮೇಲೆ ಹೇಳಿದಳು.