ಸ್ಮಾರ್ಟ್ ಸಿಟಿ ಇಲ್ಲದ ಜಿಲ್ಲೆಯ ಸ್ಮಾರ್ಟ್ ಕಾಲುವೆ: ನಾರಾಯಣಪುರ ಎಡದಂಡೆ ಕುರಿತು ಒಂದು ಚರ್ಚೆ

2015ರ ಜೂನ್‌ನಲ್ಲಿ ಆರಂಭವಾದ ಸ್ಮಾರ್ಟ್ ಸಿಟಿ ಯೋಜನೆಗೆ ಕರ್ನಾಟಕದ ಏಳು ನಗರಗಳು ಆಯ್ಕೆಯಾದವು. ಬೆಳಗಾವಿ, ದಾವಣಗೆರೆಯಿಂದ ಬೆಂಗಳೂರಿನವರೆಗಿನ ಆ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಒಂದೂ ಊರಿಲ್ಲ. ಸ್ಮಾರ್ಟ್ ನಗರದ ಕಲ್ಪನೆಯನ್ನು ಟೀಕಿಸಿದ ಆಡಂ ಗ್ರೀನ್‌ಫೀಲ್ಡ್ (2013), ಗುಜರಾತಿನ ಧೋಲೇರಾ ಸ್ಮಾರ್ಟ್ ನಗರದ ಕುರಿತು ಬರೆದ ಅಯೋನಾ ದತ್ತಾ (2015) ಇಬ್ಬರ ವಾದವೂ ಈಗ ಚಿರಪರಿಚಿತ. ಇಬ್ಬರ ಕಣ್ಣೂ ನಗರದ ಮೇಲೆಯೇ. ಆದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಗೆ ಅದೇ ತಂತ್ರಜ್ಞಾನ ಕಾಲುವೆಗುಂಟ ಬಂತು.

ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಲೋಕಾರ್ಪಣೆಗೊಂಡಿತು. ವೆಚ್ಚ ಸುಮಾರು 4,700 ಕೋಟಿ ರೂ., ಕಾಲುವೆಯ ಸಾಮರ್ಥ್ಯ 10,000 ಕ್ಯುಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಇದರ ಮುಖ್ಯ ಅಂಗ ಸ್ಕಾಡಾ, ಅಂದರೆ ದೂರದಿಂದಲೇ ನಿಗಾ ಇಟ್ಟು ನಿಯಂತ್ರಿಸುವ ಗಣಕ ವ್ಯವಸ್ಥೆ. ಗೇಟಿನ ಮೇಲೂ ಕೆಳಗೂ ನೀರಿನ ಮಟ್ಟವೆಷ್ಟು, ಗೇಟು ಎಷ್ಟು ಎತ್ತಿದೆ ಎಂಬುದನ್ನು ಸೆನ್ಸರ್‌ಗಳು ಅಳೆಯುತ್ತವೆ; ಹರಿವಿನ ಲೆಕ್ಕ ದೂರದ ನಿಯಂತ್ರಣ ಕೊಠಡಿಯ ಪರದೆಗೆ ಬರುತ್ತದೆ; ಗೇಟನ್ನು ಅಲ್ಲಿಂದಲೇ ಏರಿಳಿಸಬಹುದು.

ಇಲ್ಲಿ ರಾಬರ್ಟ್ ವೇಡ್ ನೆನಪಾಗುತ್ತಾರೆ. ದಕ್ಷಿಣ ಭಾರತದ ಕಾಲುವೆ ಆಡಳಿತದ ಭ್ರಷ್ಟಾಚಾರ ಕುರಿತ ಅವರ 1982ರ ಲೇಖನ, ನೀರು ಬಿಡುವ ಅಧಿಕಾರಿಯ ವಿವೇಚನಾಧಿಕಾರಕ್ಕೆ ಬೆಲೆ ಕಟ್ಟುವ ವ್ಯವಸ್ಥೆಯನ್ನು ಬಿಡಿಸಿ ತೋರಿಸಿತು. ಇದನ್ನು ಓದಿದವರು ಸಹಜವಾಗಿ ಮಾಡುವ ಊಹೆ: ಗೇಟು ಯಂತ್ರದ ಕೈಗೆ ಹೋದರೆ ಆ ಅಧಿಕಾರ ಕರಗುತ್ತದೆ. ಇದನ್ನು ನಾನು ಒಪ್ಪಲಾರೆ. ಅಧಿಕಾರ ಕರಗುವುದಿಲ್ಲ, ಜಾಗ ಬದಲಿಸುತ್ತದೆ. ಎಷ್ಟು ದಿನ ಚಾಲು, ಎಷ್ಟು ದಿನ ಬಂದ್ ಎಂಬ ವಾರಾಬಂದಿ ತೀರ್ಮಾನ ನೀರಾವರಿ ಸಲಹಾ ಸಮಿತಿಯದು; ಅಲ್ಲಿ ಸೆನ್ಸರ್‌ಗೆ ಮತವಿಲ್ಲ. ಇತ್ತ ಗೇಟು ದಾಟಿ ಹೊಲಗಾಲುವೆಗಿಳಿದ ನೀರು ಯಾರ ಮಡಿಗೆ ಹೋಯಿತೆಂದು ಪರದೆ ಹೇಳದು. ಎರಡು ಗೇಟುಗಳ ನಡುವೆ ದಂಡೆಯ ಮೇಲೆ ಪಂಪ್‌ಸೆಟ್ ಇಟ್ಟು ಪೈಪ್ ಇಳಿಬಿಟ್ಟರೆ, ಪರದೆಯಲ್ಲಿ ಕಾಣುವುದು ಬರೀ ಕೊರತೆ, ನೀರೆತ್ತಿದವನಲ್ಲ. ಲಘು ನೀರಾವರಿ ಬೆಳೆಗೆಂದು ರೂಪುಗೊಂಡ ಈ ಅಚ್ಚುಕಟ್ಟಿನ ಮೇಲ್ಭಾಗದಲ್ಲಿ ಭತ್ತ ನಿಂತಿದೆ. ಗೇಟು ಎಷ್ಟೇ ಕರಾರುವಾಕ್ಕಾದರೂ ಕೊನೆ ಭಾಗದ ರೈತ ನೀರಿಗಾಗಿ ಧರಣಿ ಕೂರುವುದಕ್ಕೆ ಇದೂ ಒಂದು ಕಾರಣ.

ಈ ವಾದಕ್ಕೆ ಮಿತಿಯಿದೆ. ಸೋರುತ್ತಿದ್ದ ಕಾಲುವೆಯ ದುರಸ್ತಿ, ಹೊಸ ಲೈನಿಂಗ್‌ಗಳಿಂದಲೇ ಕೆಳಗಿನವರಿಗೆ ನೀರು ಹೆಚ್ಚಿರಬಹುದು. ಅದನ್ನು ಸ್ಕಾಡಾದ ಪಾಲಿನಿಂದ ಬೇರ್ಪಡಿಸುವುದು ಸುಲಭವಲ್ಲ. ಅಳತೆಯೇ ಇಲ್ಲದ ಕಾಲಕ್ಕಿಂತ ಅಳತೆಯಿರುವ ಕಾಲ ರೈತನ ದೂರಿಗೆ ಪುರಾವೆ ಒದಗಿಸೀತು ಎಂಬುದನ್ನೂ ತಳ್ಳಿಹಾಕಲಾರೆ. ಆ ಪುರಾವೆ ಅವನ ಕೈಗೆ ಸಿಗಬೇಕಷ್ಟೆ.

ಪರೀಕ್ಷೆಗೆ ದಾರಿಯಿದೆ. ಮೊಬೈಲ್ ಆ್ಯಪ್ ಮೂಲಕ ನಡೆಯುವ ಬೆಳೆ ಸಮೀಕ್ಷೆ ಸರ್ವೆ ನಂಬರ್‌ವಾರು ಬೆಳೆ ದಾಖಲಿಸುತ್ತದೆ. ಕಾಲುವೆ ನಿರ್ವಹಿಸುವ ಕೃಷ್ಣಾ ಭಾಗ್ಯ ಜಲ ನಿಗಮದ ಗೇಟುವಾರು ಹರಿವಿನ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು, ಶಹಾಪುರ ಶಾಖಾ ಕಾಲುವೆಯ ಒಂದೇ ವಿತರಣಾ ಕಾಲುವೆಯನ್ನು ಮೂರ್ನಾಲ್ಕು ಹಂಗಾಮು ಹೋಲಿಸಿದರೂ ಸಾಕು. ನನ್ನ ವಾದ ನಿಲ್ಲುತ್ತದೋ ಬೀಳುತ್ತದೋ ಅಲ್ಲಿ ತಿಳಿದೀತು.