ಯುದ್ಧವಿರೋಧಿ ಮೆರವಣಿಗೆಗಳೂ ವೃತ್ತಪತ್ರಿಕೆಗಳ ಎಣಿಕೆಯೂ

ವೃತ್ತಪತ್ರಿಕೆಗಳನ್ನು ಚರಿತ್ರೆಯ ಆಧಾರಸಾಮಗ್ರಿಯಾಗಿ ಬಳಸುವವರು ಅವುಗಳಲ್ಲಿನ ಅಭಿಪ್ರಾಯಗಳನ್ನು ಸಂಶಯದಿಂದ ನೋಡುತ್ತಾರೆ. ಅಂಕಿಗಳನ್ನಾದರೋ ಸಾಮಾನ್ಯವಾಗಿ ಹಾಗೆಯೇ ಸ್ವೀಕರಿಸಿಬಿಡುತ್ತಾರೆ. ಸಂಪಾದಕೀಯದಲ್ಲಿ ಪಕ್ಷಪಾತವಿರಬಹುದು, ವರದಿಯಲ್ಲಿ ಅಚ್ಚಾದ ಸಂಖ್ಯೆಗೆ ಪಕ್ಷಪಾತವೆಲ್ಲಿಂದ ಬರಬೇಕು ಎಂಬುದು ಈ ನಂಬಿಕೆಯ ಮೂಲ. ಮೆರವಣಿಗೆಗಳಲ್ಲಿ ನೆರೆದ ಜನರ ಸಂಖ್ಯೆಯ ವಿಷಯದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ವಿಯೆಟ್ನಾಂ ಮತ್ತು ಇರಾಕ್ ಯುದ್ಧಗಳನ್ನು ವಿರೋಧಿಸಿ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ನಡೆದ ಕೆಲವು ಮೆರವಣಿಗೆಗಳ ವರದಿಗಳನ್ನು ಮುಂದಿಟ್ಟುಕೊಂಡು, ಆ ಸಂಖ್ಯೆಗಳು ಹುಟ್ಟಿದ ಬಗೆಯನ್ನೂ ಅವುಗಳನ್ನು ಚರಿತ್ರಕಾರನು ಓದಬೇಕಾದ ಕ್ರಮವನ್ನೂ ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಎಣಿಕೆಯ ರೀತಿಯನ್ನು ನೋಡೋಣ. ಬಾಗಿಲು, ಗೋಡೆ, ಟಿಕೀಟು ಯಾವುದೂ ಇಲ್ಲದ ಬಯಲಿನಲ್ಲಿ ಸೇರಿದವರನ್ನು ಒಬ್ಬೊಬ್ಬರನ್ನಾಗಿ ಎಣಿಸುವುದು ಅಸಾಧ್ಯ. ಬಹುಕಾಲ ವರದಿಗಾರರು ಕಣ್ಣಳತೆಯನ್ನೇ ನೆಚ್ಚಿದ್ದರು. ಇದಕ್ಕೊಂದು ಕ್ರಮವನ್ನು ಒದಗಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರದಲ್ಲಿ ಪತ್ರಿಕೋದ್ಯಮವನ್ನು ಬೋಧಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್. ಇವರ ಕೊಠಡಿಯ ಕಿಟಕಿಯಿಂದ ಕಾಣುತ್ತಿದ್ದ ಅಂಗಳದಲ್ಲಿ ಯುದ್ಧವನ್ನು ವಿರೋಧಿಸುವ ವಿದ್ಯಾರ್ಥಿಗಳು ಸಭೆ ಸೇರುತ್ತಿದ್ದರು. ಆ ಅಂಗಳದ ನೆಲಗಟ್ಟು ಚೌಕುಳಿಗಳಾಗಿ ವಿಭಾಗವಾಗಿತ್ತು. ಕೆಲವು ಚೌಕುಳಿಗಳಲ್ಲಿ ನಿಂತವರನ್ನು ಎಣಿಸಿ, ಸರಾಸರಿಯನ್ನು ತೆಗೆದು, ಜನರು ತುಂಬಿದ ಚೌಕುಳಿಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಮೊತ್ತ ದೊರೆಯುತ್ತದೆಂದು ಅವರು ಕಂಡುಕೊಂಡರು. ೧೯೬೭ರಲ್ಲಿ ಅವರು ಈ ಕ್ರಮವನ್ನು ಪ್ರಕಟಿಸಿದರು. ವಿರಳವಾಗಿ ನಿಂತ ಗುಂಪಿನಲ್ಲಿ ತಲೆಗೆ ೧೦ ಚದರಡಿ, ಒತ್ತಾಗಿ ನಿಂತಲ್ಲಿ ೪.೫ ಚದರಡಿ, ಮೈಗೆ ಮೈ ತಗಲುವಂತೆ ಕಿಕ್ಕಿರಿದಲ್ಲಿ ೨.೫ ಚದರಡಿ ಎಂಬ ಲೆಕ್ಕ ಅಂದಿನಿಂದ ಬಳಕೆಗೆ ಬಂದಿತು.

ಈ ಲೆಕ್ಕದ ಗುಣವೂ ಮಿತಿಯೂ ಒಂದೇ ಉದಾಹರಣೆಯಿಂದ ವಿದಿತವಾಗುತ್ತವೆ. ೧೦ ಲಕ್ಷ ಚದರಡಿಯ ಮೈದಾನವು ತುಂಬಿದೆಯೆಂದಿಟ್ಟುಕೊಳ್ಳೋಣ. ಜನರು ವಿರಳವಾಗಿದ್ದರೆ ೧ ಲಕ್ಷ, ಒತ್ತಾಗಿದ್ದರೆ ಸುಮಾರು ೨ ಲಕ್ಷ ೨೨ ಸಾವಿರ, ಕಿಕ್ಕಿರಿದಿದ್ದರೆ ೪ ಲಕ್ಷ ಮಂದಿ ಅಲ್ಲಿರುತ್ತಾರೆ. ಎಳ್ಳು ಹಾಕಿದರೆ ನೆಲಕ್ಕೆ ಬೀಳದು ಎಂದು ವೇದಿಕೆಯ ಮುಂಭಾಗವನ್ನು ನೋಡಿ ಬರೆದವನು ಇಡೀ ಮೈದಾನವನ್ನು ಅದೇ ಅಳತೆಯಿಂದ ಅಳೆದರೆ ನಾಲ್ಕು ಪಾಲು ಹೆಚ್ಚು ಕಾಣುತ್ತಾನೆ. ಹಿಂಬದಿಯಲ್ಲಿ ನಿಂತು ಬರೆದವನು ಅಷ್ಟೇ ಕಡಿಮೆ ಕಾಣುತ್ತಾನೆ. ಇಬ್ಬರೂ ಸುಳ್ಳು ಹೇಳಬೇಕಾದ ಅಗತ್ಯವೇ ಇಲ್ಲ.

ಆದರೆ ಸಂಖ್ಯೆಯ ಮೇಲೆ ರಾಜಕೀಯದ ಭಾರ ಬಿದ್ದಾಗ ಪರಿಸ್ಥಿತಿ ಬೇರೆಯಾಗುತ್ತದೆ. ೧೯೬೯ರ ನವೆಂಬರ್ ೩ರಂದು ಅಧ್ಯಕ್ಷ ನಿಕ್ಸನ್ನರು ತಮ್ಮ ಭಾಷಣದಲ್ಲಿ ಅಮೆರಿಕದ ‘ಮೌನ ಬಹುಸಂಖ್ಯಾತ’ರ ಬೆಂಬಲವನ್ನು ಕೋರಿದರು. ಬೀದಿಗಿಳಿದವರು ಅಲ್ಪಸಂಖ್ಯಾತರು, ಮನೆಯಲ್ಲಿ ಉಳಿದವರೇ ರಾಷ್ಟ್ರ ಎಂಬುದು ಅದರ ಧ್ವನಿ. ಹನ್ನೆರಡು ದಿನಗಳ ತರುವಾಯ, ನವೆಂಬರ್ ೧೫ರಂದು, ವಾಷಿಂಗ್ಟನ್ನಿನಲ್ಲಿ ಮಹಾಮೆರವಣಿಗೆ ನಡೆಯಿತು. ಪೋಲೀಸರ ಅಂದಾಜು ೨ ಲಕ್ಷ ೫೦ ಸಾವಿರ; ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಶೀರ್ಷಿಕೆಯಲ್ಲಿ ಬಂದುದೂ ಅದೇ. ೫ ಲಕ್ಷಕ್ಕೂ ಮಿಕ್ಕಿ ಜನ ಬಂದಿದ್ದರೆಂಬ ಲೆಕ್ಕವೂ ಅದರೊಡನೆಯೇ ಉಳಿದು ಬಂದಿದೆ. ಬಹುಸಂಖ್ಯಾತರು ಯಾರೆಂಬುದೇ ವಿವಾದವಾದಾಗ ನೆರೆದವರ ಸಂಖ್ಯೆಯು ವಾದದ ಆಯುಧವಾಗದೆ ಉಳಿಯುವುದು ಸಾಧ್ಯವಿರಲಿಲ್ಲ.

ಸಮಾಜಶಾಸ್ತ್ರಜ್ಞ ಟಾಡ್ ಗಿಟ್ಲಿನ್ ೧೯೮೦ರಲ್ಲಿ ಪ್ರಕಟಿಸಿದ ಗ್ರಂಥವು ಈ ಸಂದರ್ಭದಲ್ಲಿ ಗಮನಾರ್ಹವಾದುದು. ೧೯೬೦ರ ದಶಕದ ವಿದ್ಯಾರ್ಥಿ ಚಳುವಳಿಯನ್ನು ಪತ್ರಿಕೆ ಮತ್ತು ದೂರದರ್ಶನಗಳು ಚಿತ್ರಿಸಿದ ಬಗೆಯನ್ನು ವಿಶ್ಲೇಷಿಸುತ್ತ, ಸಂಖ್ಯೆಯನ್ನು ತಗ್ಗಿಸುವುದು, ಎದುರು ಪಕ್ಷದ ಸಣ್ಣ ಗುಂಪಿಗೆ ಸಮಾನ ಪ್ರಾಧಾನ್ಯ ಕೊಡುವುದು, ಒಳಜಗಳಗಳನ್ನು ಎತ್ತಿ ತೋರಿಸುವುದು ಮುಂತಾದ ರೂಢಿಗಳನ್ನು ಅವರು ಗುರುತಿಸಿದರು. ಗಿಟ್ಲಿನ್ ಸ್ವತಃ ಆ ಚಳುವಳಿಯ ಮುಂದಾಳಾಗಿದ್ದವರು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆದರೆ ಅವರು ತೋರಿಸಿದ ರೂಢಿಗಳನ್ನು ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು.

ಪೋಲೀಸರಿಗೂ ಸಂಘಟಕರಿಗೂ ಹೊರತಾದ ಒಂದು ಎಣಿಕೆ ವಾಷಿಂಗ್ಟನ್ನಿನಲ್ಲಿ ಬಹುಕಾಲ ಇದ್ದಿತು. ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆಯು ತನ್ನ ಮೈದಾನದಲ್ಲಿ ಸೇರಿದವರ ಅಂದಾಜನ್ನು ಕೊಡುತ್ತಿತ್ತು. ೧೯೯೫ರ ಅಕ್ಟೋಬರ್ ೧೬ರಂದು ಕರಿಯ ಜನಾಂಗದ ಪುರುಷರ ‘ಹತ್ತು ಲಕ್ಷ ಜನರ ಮೆರವಣಿಗೆ’ ನಡೆದಾಗ ಇಲಾಖೆ ೪ ಲಕ್ಷವೆಂದಿತು. ಅದೇ ಚಿತ್ರಗಳನ್ನು ಪರೀಕ್ಷಿಸಿದ ಬಾಸ್ಟನ್ ವಿಶ್ವವಿದ್ಯಾಲಯದ ವಿದ್ವಾಂಸರು ೮ ಲಕ್ಷಕ್ಕೂ ಹೆಚ್ಚೆಂದು ನಿರ್ಣಯಿಸಿದರು. ಮುಖಂಡರು ನ್ಯಾಯಾಲಯಕ್ಕೆ ಹೋಗುವುದಾಗಿ ಬೆದರಿಸಿದರು. ಮರುವರ್ಷ ಕಾಂಗ್ರೆಸ್ಸಿನ ಅನುದಾನ ಸಮಿತಿಯು ಈ ಎಣಿಕೆಗೆ ಹಣವಿಲ್ಲವೆಂದು ಸೂಚಿಸಿತು. ಈ ಮೆರವಣಿಗೆ ಯುದ್ಧವಿರೋಧಿಯಾದುದಲ್ಲ. ಆದರೆ ಇದರ ಫಲವನ್ನು ಮುಂದಿನ ಯುದ್ಧವಿರೋಧಿಗಳು ಅನುಭವಿಸಬೇಕಾಯಿತು.

೨೦೦೨ರ ಅಕ್ಟೋಬರ್ ೨೬ರಂದು, ಇರಾಕಿನ ಮೇಲೆ ಯುದ್ಧ ಸನ್ನಿಹಿತವಾಗಿದ್ದಾಗ, ವಾಷಿಂಗ್ಟನ್ನಿನಲ್ಲಿ ಜನ ಸೇರಿದರು. ವಾಷಿಂಗ್ಟನ್ ಪೋಸ್ಟ್ ಮರುದಿನವೇ ೧ ಲಕ್ಷ ಜನರೆಂದು ವರದಿ ಮಾಡಿತು. ನ್ಯೂಯಾರ್ಕ್ ಟೈಮ್ಸ್ ‘ಸಾವಿರಾರು’ ಜನರೆಂದೂ, ಸಂಘಟಕರು ನಿರೀಕ್ಷಿಸಿದುದಕ್ಕಿಂತ ಕಡಿಮೆಯೆಂದೂ ಬರೆಯಿತು. ಓದುಗರ ಆಕ್ಷೇಪಣೆಗಳ ನಂತರ ಅಕ್ಟೋಬರ್ ೩೦ರಂದು ಅದೇ ಪತ್ರಿಕೆ ಪೋಲೀಸರ ಲೆಕ್ಕ ೧ ಲಕ್ಷ, ಸಂಘಟಕರ ಲೆಕ್ಕ ೨ ಲಕ್ಷ ಎಂದು ಹೊಸ ವರದಿಯನ್ನು ಕೊಟ್ಟಿತು. ಮೊದಲ ವರದಿಯನ್ನು ಮಾತ್ರ ನೋಡಿದ ಚರಿತ್ರಕಾರನಿಗೆ ಆ ದಿನವು ಸಣ್ಣ ಘಟನೆಯಾಗಿಯೇ ಉಳಿಯುತ್ತದೆ.

ಮುಂದಿನ ಫೆಬ್ರವರಿಯಲ್ಲಿ ಈ ವಿವಾದ ಜಗದ್ವ್ಯಾಪಿಯಾಯಿತು. ೨೦೦೩ರ ಫೆಬ್ರವರಿ ೧೫ರಂದು ಲಂಡನ್ನಿನಲ್ಲಿ ಪೋಲೀಸರ ಲೆಕ್ಕ ೭ ಲಕ್ಷ ೫೦ ಸಾವಿರ, ಸಂಘಟಕರದು ೨೦ ಲಕ್ಷದವರೆಗೆ. ರೋಮಿನಲ್ಲಿ ಪೋಲೀಸರದು ೬ ಲಕ್ಷ ೫೦ ಸಾವಿರ, ಸಂಘಟಕರದು ೩೦ ಲಕ್ಷ. ಅದೇ ದಿನ ಗ್ಲಾಸ್ಗೋ ನಗರದಲ್ಲಿ ಮಾತನಾಡಿದ ಪ್ರಧಾನಿ ಬ್ಲೇರ್ ಅವರು, ಮೆರವಣಿಗೆಯಲ್ಲಿ ೫ ಲಕ್ಷ ಜನರಿದ್ದರೂ ಅದು ಸದ್ದಾಂ ಹುಸೇನನಿಂದ ಸತ್ತವರಿಗಿಂತ ಕಡಿಮೆ, ೧೦ ಲಕ್ಷವಿದ್ದರೂ ಅವನು ಹೂಡಿದ ಯುದ್ಧಗಳಲ್ಲಿ ಮಡಿದವರಿಗಿಂತ ಕಡಿಮೆ ಎಂಬ ಅರ್ಥದ ಮಾತನ್ನಾಡಿದರು. ಸಂಖ್ಯೆಗೆ ಉತ್ತರವಾಗಿ ಸಂಖ್ಯೆಯನ್ನೇ ಒಡ್ಡಿದ ಈ ಮಾತು, ಎಣಿಕೆಯ ಬಲವನ್ನು ಆಳುವವರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ನಿದರ್ಶನ. ಮಾರ್ಚ್ ೨೦ರಂದು ಯುದ್ಧ ಆರಂಭವಾಯಿತು.

ಎಣಿಕೆಯ ಶಾಸ್ತ್ರೀಯ ಪ್ರಯತ್ನವೂ ಆಗಲೇ ನಡೆಯಿತು. ಫೆಬ್ರವರಿ ೧೬ರ ಸ್ಯಾನ್‌ಫ್ರಾನ್ಸಿಸ್ಕೊ ಮೆರವಣಿಗೆಗೆ ೨ ಲಕ್ಷ ಜನ ಬಂದರೆಂದು ಪೋಲೀಸರೂ ಸಂಘಟಕರೂ ಒಮ್ಮತದಿಂದ ಹೇಳಿದ್ದರು. ಅಲ್ಲಿನ ಕ್ರಾನಿಕಲ್ ಪತ್ರಿಕೆಯು ವಿಮಾನದಿಂದ ತೆಗೆಸಿದ ಚಿತ್ರಗಳನ್ನು ಎಣಿಸಿ, ಮಧ್ಯಾಹ್ನ ೧ ಗಂಟೆ ೪೫ ನಿಮಿಷಕ್ಕೆ, ಗುಂಪು ಅತ್ಯಂತ ದೊಡ್ಡದಾಗಿದ್ದಾಗ, ಇದ್ದವರು ಸುಮಾರು ೬೫ ಸಾವಿರ ಎಂದು ಫೆಬ್ರವರಿ ೨೧ರಂದು ಪ್ರಕಟಿಸಿತು. ಇದರಿಂದ ಎರಡು ಪಾಠಗಳು ದೊರೆಯುತ್ತವೆ. ವಿರೋಧಿಗಳಿಬ್ಬರೂ ಒಂದೇ ಸಂಖ್ಯೆಯನ್ನು ಹೇಳಿದ ಮಾತ್ರಕ್ಕೆ ಅದು ಅಳತೆಯಾಗುವುದಿಲ್ಲ. ಎರಡನೆಯದಾಗಿ, ಚಿತ್ರವು ಅಳೆಯುವುದು ಒಂದು ಕ್ಷಣವನ್ನು. ಬೆಳಿಗ್ಗೆ ಬಂದು ಹೋದವರೂ ತಡವಾಗಿ ಬಂದವರೂ ಅದರಲ್ಲಿಲ್ಲ. ನಿಂತ ಸಭೆಗೆ ಸಲ್ಲುವ ಕ್ರಮ ನಡೆಯುವ ಮೆರವಣಿಗೆಗೆ ಪೂರ್ತಿಯಾಗಿ ಸಲ್ಲದು. ಕೆರೆಯ ನೀರನ್ನು ಅಳೆಯುವ ಕೋಲಿನಿಂದ ಹೊಳೆಯ ನೀರನ್ನು ಅಳೆಯಲಾಗದು.

ಆದುದರಿಂದ ಇಂತಹ ಸಂಖ್ಯೆಯನ್ನು ಬಳಸುವವರು ಅದರ ಜೊತೆಯಲ್ಲಿಯೇ ಎಣಿಸಿದವರು ಯಾರು, ಯಾವ ಗಳಿಗೆಯಲ್ಲಿ, ಎಲ್ಲಿಂದ, ಯಾವ ಕ್ರಮದಿಂದ ಎಂಬುದನ್ನೂ ದಾಖಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಎರಡು ಪಕ್ಷಗಳ ಲೆಕ್ಕವನ್ನು ಕೂಡಿಸಿ ಅರ್ಧ ಮಾಡುವುದು ನಿಷ್ಪಕ್ಷಪಾತವಲ್ಲ. ಅದು ಮೂರನೆಯ ಊಹೆ. ಪತ್ರಿಕೆಯ ಒಂದೇ ಸಂಚಿಕೆಗೆ ತೃಪ್ತರಾಗದೆ ಮುಂದಿನ ವಾರದ ತಿದ್ದುಪಡಿಗಳನ್ನೂ ನೋಡಬೇಕು. ನೆರೆದವರು ಹೆಚ್ಚೆಂಬುದರಿಂದ ಅವರ ವಾದ ಸತ್ಯವಾಗುವುದಿಲ್ಲ, ಕಡಿಮೆಯೆಂಬುದರಿಂದ ಸುಳ್ಳೂ ಆಗುವುದಿಲ್ಲ. ಆದರೆ ಅಂದು ನಡೆದವರಲ್ಲಿ ಬಹುಮಂದಿ ಹೆಸರನ್ನಾಗಲಿ ಬರಹವನ್ನಾಗಲಿ ಬಿಟ್ಟುಹೋಗಿಲ್ಲ. ಚರಿತ್ರೆಯಲ್ಲಿ ಅವರಿಗೆ ಉಳಿದಿರುವ ಸ್ಥಾನ ಆ ಮೊತ್ತದೊಳಗಿನ ಒಂದು ಅಂಶ ಮಾತ್ರ. ಅದನ್ನು ಉಬ್ಬಿಸದೆ, ಕುಗ್ಗಿಸದೆ, ದೊರೆತ ಆಧಾರದೊಡನೆ ಒಪ್ಪಿಸುವುದು ಚರಿತ್ರಕಾರನು ಅವರಿಗೆ ಸಲ್ಲಿಸಬೇಕಾದ ಋಣ.