ಮಂಜರಾಬಾದ್, ೞ ಮತ್ತು ಹಳೇ ಹೆಸರಿನ ಹಕ್ಕು

ಸಕಲೇಶಪುರದ ಕಾಫಿ ತೋಟಗಳ ಇತಿಹಾಸ ಹುಡುಕಲು ಹೊರಟವರು ಮೊದಲು ಎಡವುವುದು ಹೆಸರಿನಲ್ಲೇ. ಬಿ.ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರಿನಲ್ಲಿ ತಾಲ್ಲೂಕಿನ ಹೆಸರು ಮಂಜರಾಬಾದ್. ಸಕಲೇಶಪುರ ಅದರ ಕಸಬೆ, ಅಷ್ಟೆ. ಇಲ್ಲೇ ತೋಟ ಮಾಡಿಕೊಂಡಿದ್ದ ರಾಬರ್ಟ್ ಎಲಿಯಟ್ 1871ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೂ ಮಂಜರಾಬಾದೇ. ಅದಕ್ಕೂ ಹಿಂದೆ ಹೋದರೆ ಇದು ಬಲಂ ಸೀಮೆ. ಟಿಪ್ಪು ಗುಡ್ಡದ ಮೇಲೆ ಎಂಟು ಮೂಲೆಯ ನಕ್ಷತ್ರದಂಥ ಕೋಟೆ ಕಟ್ಟಿಸಿ ಮಂಜರಾಬಾದ್ ಎಂದು ಕರೆದ (ಮಂಜಿಗೂ ಈ ಹೆಸರಿಗೂ ನಂಟು ಕಟ್ಟುವ ಕಥೆ ನೀವೂ ಕೇಳಿರುತ್ತೀರಿ). ಈಗ ತಾಲ್ಲೂಕು ಸಕಲೇಶಪುರ. ಹಳೇ ಹೆಸರು ಕೋಟೆಯ ಮೇಲೆ ಉಳಿದಿದೆ. ಹಳೇ ದಫ್ತರ ತೆಗೆಯುವವರಿಗೆ ಎರಡೂ ಗೊತ್ತಿರಬೇಕು. ಇಲ್ಲದಿದ್ದರೆ ಅಜ್ಜನ ತೋಟದ ಕಾಗದ ಕಣ್ಣೆದುರಿಗಿದ್ದರೂ ಸಿಗುವುದಿಲ್ಲ.

ಪ್ರೋಗ್ರಾಮ್ ಬರೆಯುವ ಗೆಳೆಯರಿಗೆ ಈ ತಾಪತ್ರಯ ಹೊಸದಲ್ಲ ಬಿಡಿ. ಒಂದು ಪ್ಯಾಕೇಜಿನ ಒಳಗಿನ ಫೈಲುಗಳನ್ನು ಬೇರೆ ಕಡೆ ಜೋಡಿಸಿದಿರಿ ಅನ್ನಿ. ನಿಮ್ಮ ಮನೆಯೇನೋ ಒಪ್ಪವಾಯ್ತು. ಆದರೆ ಹಳೇ ವಿಳಾಸದಿಂದ ಇಂಪೋರ್ಟ್ ಮಾಡುತ್ತಿದ್ದ ಊರವರ ಪ್ರೋಗ್ರಾಮುಗಳೆಲ್ಲ ಒಂದೇ ಏಟಿಗೆ ನಿಂತುಹೋಗುತ್ತವೆ. ಅದಕ್ಕೇ ಹಳೇ ಜಾಗದಲ್ಲೊಂದು ಪುಟ್ಟ ಫೈಲು ಬಿಟ್ಟು, ಬಂದವರನ್ನು ಹೊಸ ಜಾಗಕ್ಕೆ ಕಳಿಸುವುದು ರೂಢಿ. ಎಷ್ಟು ದಿನ ಅಂತ? ಪೈಥಾನ್‌ನವರು 2012ರಲ್ಲಿ ಬಂದ 3.3ರಲ್ಲಿ ಮ್ಯಾಪಿಂಗ್ ಮೊದಲಾದ ಕ್ಲಾಸುಗಳನ್ನು ಕಲೆಕ್ಷನ್ಸ್‌ನಿಂದ ಕಲೆಕ್ಷನ್ಸ್.ಎಬಿಸಿಗೆ ಸಾಗಿಸಿದರು. ಹಳೇ ದಾರಿ ಮುಚ್ಚಿದ್ದು 2021ರ 3.10ರಲ್ಲಿ. ಒಂಬತ್ತು ವರ್ಷ ಪುರಸೊತ್ತು ಕೊಟ್ಟರೂ ಆಗ ಕೈಕೊಟ್ಟ ಲೈಬ್ರರಿಗಳು ಕಡಿಮೆಯೇನಲ್ಲ.

ಯೂನಿಕೋಡ್‌ನವರದು ಇನ್ನೂ ಬಿಗಿ. ಅಲ್ಲಿ ಸಿಕ್ಕಿಕೊಂಡಿರುವುದು ನಮ್ಮದೇ ಅಕ್ಷರ, ಹಳಗನ್ನಡದ ೞ. ನಮ್ಮ ಮಲೆನಾಡಿನ ಮಳೆ ಆಗ ಮೞೆ, ಬಾಳೆ ಆಗ ಬಾೞೆ, ಏಳು ಆಗ ಏೞು. ಆಮೇಲಾಮೇಲೆ ಇದು ಳ ಜೊತೆ ಕಲಸಿಹೋಯಿತು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರದ ಬಗ್ಗೆ ಬಿಡಿಸಿ ಹೇಳಿದ್ದಾನೆ. ಅಂಥ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಬಿದ್ದ ಹೆಸರು 'ಕನ್ನಡ ಲೆಟರ್ ಎಫ್ಎ'. ಅಂದರೆ ಫ್ಯಾನಿನ ಫ! ಎತ್ತಣ ಫ, ಎತ್ತಣ ೞ? ಶುದ್ಧ ತಪ್ಪು.

ತಿದ್ದಿಬಿಡಬಹುದಿತ್ತಲ್ಲ ಅನ್ನುತ್ತೀರಾ? ಆಗುವುದಿಲ್ಲ. 1996ರ ಎರಡನೇ ಆವೃತ್ತಿಯಿಂದ ಈಚೆಗೆ, ಅಕ್ಷರಕ್ಕೆ ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಅವರ ನಿಯಮ. ಹೆಸರು ಹಿಡಿದು ಅಕ್ಷರ ಕರೆಯುವ ಪ್ರೋಗ್ರಾಮುಗಳು ಯಾವ ಮೂಲೆಯಲ್ಲಿವೆಯೋ ಯಾರಿಗೆ ಗೊತ್ತು! ಕೊನೆಗೆ 2006ರ 5.0ರಲ್ಲಿ ಒಂದು ಉಪಾಯ ಮಾಡಿದರು. ತಪ್ಪು ಹೆಸರು ಹಾಗೇ ಇರಲಿ, ಪಕ್ಕದಲ್ಲಿ 'ಕನ್ನಡ ಲೆಟರ್ ಎಲ್ಎಲ್ಎಲ್ಎ' ಅಂತ ಸರಿಯಾದ ಹೆಸರೂ ಅಧಿಕೃತವಾಗಿ ಇರಲಿ. ಪೈಥಾನ್ 3.3ರಿಂದ ಈಚೆಗೆ ಯಾವ ಹೆಸರು ಕೊಟ್ಟರೂ ೞ ಸಿಗುತ್ತದೆ. ೞ ಕೊಟ್ಟು ಹೆಸರು ಕೇಳಿ ನೋಡಿ, ಇವತ್ತಿಗೂ ಎಫ್ಎ ಅನ್ನುತ್ತದೆ.

ಕನ್ನಡದವನಾಗಿ ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಅವರು ಮಾಡಿದ್ದೇ ಸರಿ ಅನ್ನಿಸುತ್ತದೆ. ಹಳಗನ್ನಡ ಕಾವ್ಯಗಳನ್ನು ಕಂಪ್ಯೂಟರಿಗೆ ಏರಿಸಿ, ಪದ ಹುಡುಕಲು ಪ್ರೋಗ್ರಾಮ್ ಬರೆಯುವವರೇ ಕಡಿಮೆ. ಅವರು ಬರೆದಿಟ್ಟದ್ದು ಹತ್ತು ವರ್ಷದ ಮೇಲೆ ಕೆಟ್ಟು ನಿಂತರೆ ತಿದ್ದಲು ಯಾರು ಬರುತ್ತಾರೆ?

ಅಂದ ಹಾಗೆ, ಈ ಬರಹದ ೞ ನಿಮಗೆ ಬರೀ ಚೌಕವಾಗಿ ಕಾಣುತ್ತಿದ್ದರೆ ಅದು ಹೆಸರಿನ ತಪ್ಪಲ್ಲ, ನಿಮ್ಮ ಫಾಂಟಿನದು.